ತೌಡಿಗೆ ಕೊಂಡ ಮಗನ ಮೂಗಿನುಂಗುರ

ಸಿಂಧನೂರಿನ ಬಜಾರಿನಲ್ಲಿ ಬಟ್ಟೆ ಅಂಗಡಿ ಅಮರೇಶಪ್ಪ ಅಂದರೆ ಗೊತ್ತಿಲ್ಲದವರು ಕಡಿಮೆ. ಮಾತು ಮೆತ್ತಗೆ, ಅಂಗಿ ಬೆಳ್ಳಗೆ, ಹಣೆಯ ಮೇಲೆ ವಿಭೂತಿ. ಅಂಗಡಿಯ ಥಾನುಗಳನ್ನೆಲ್ಲ ಬಿಚ್ಚಿಸಿ ಗಿರಾಕಿ ಏನೂ ಕೊಳ್ಳದೆ ಎದ್ದು ಹೋದರೂ ಮುಖ ಗಂಟು ಹಾಕುವವನಲ್ಲ. ಒಂದೇ ಒಂದು ಚಾಳಿ ಇತ್ತು: ಮಾತಾಡುತ್ತ ಮಾತಾಡುತ್ತ ಬೆರಳು ತಾನಾಗಿ ಬಲಗಡೆ ಮೂಗಿನ ಹೊಳ್ಳೆಯ ಮೇಲೆ ಹೋಗಿ ಕೂರುತ್ತಿತ್ತು. ಅಲ್ಲೊಂದು ಸಾಸಿವೆ ಕಾಳಿನಷ್ಟು ಕುಳಿ. ಯಾರಾದರೂ ಕೇಳಿದರೆ "ಸಣ್ಣಾಂವಿದ್ದಾಗ ಸಿಡುಬು ಆಗಿತ್ತು ರೀ" ಅನ್ನುತ್ತಿದ್ದ. ಸಿಡುಬೂ ಇಲ್ಲ, ಸುಡುಗಾಡೂ ಇಲ್ಲ. ಅದು ಚುಚ್ಚಿಸಿದ ಮೂಗು. ಅವನ ಹುಟ್ಟು ಹೆಸರೂ ಅಮರೇಶಪ್ಪ ಅಲ್ಲ, ಪಕೀರಪ್ಪ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಈ ಮಹರಾಯನಿಗೆ ಯಾರೂ ಕಳ್ಳ ಅನ್ನುವುದೂ ಬೇಕಿರಲಿಲ್ಲ. ದಿನವಿಡೀ ಮೂಗು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಅವನು ಹುಟ್ಟಿದ್ದು ಮಸ್ಕಿಯಲ್ಲಿ. ತಂದೆ ಅಮರಗುಂಡಪ್ಪನದು ಕಿರಾಣಿ ಅಂಗಡಿ, ತಾಯಿ ಗುರುಲಿಂಗಮ್ಮ. ಶಿವಪೂಜೆ ಆಗದೆ ಒಲೆ ಹೊತ್ತದ ಮನೆ. ಉಣ್ಣಲು, ಉಡಲು ಕೊರತೆಯಿಲ್ಲ. ಕೂಸು ಮಾತ್ರ ಉಳಿಯುತ್ತಿರಲಿಲ್ಲ. ಒಂದರ ಹಿಂದೆ ಒಂದು ಹುಟ್ಟಿದವು, ತೊಟ್ಟಿಲಿಗೆ ಹಾಕುವುದರೊಳಗೆ ಹೋದವು. ಪಕೀರಪ್ಪ ಹುಟ್ಟಿದಾಗ ಗುರುಲಿಂಗಮ್ಮನಿಗೆ ಕೂಸಿನ ಮುಖ ನೋಡಲೂ ಹೆದರಿಕೆ. ನೋಡಿದರೆ ಮೋಹ ಹತ್ತುತ್ತದೆ, ಮೋಹ ಹತ್ತಿದರೆ ಇದೂ ಹೋಗುತ್ತದೆ. ಆಗ ಓಣಿಯ ಹಿರಿಯ ಹೆಂಗಸರು ಆ ಸೀಮೆಯ ಹಳೆಯ ಉಪಾಯ ಹೇಳಿದರು: ಕೂಸನ್ನು ಮಾರಿಬಿಡು.

ಗಾಬರಿಯಾಗಬೇಡಿ. ಮಾರುವುದು ಅಂದರೆ ಸಾವಿನ ಕಣ್ಣಿಗೆ ಮಣ್ಣೆರಚುವುದು, ಅಷ್ಟೇ. ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಡಬೇಕು. ಮಕ್ಕಳಿರುವ ಬಡವಿ ಒಬ್ಬಳು ಬಂದು ಒಂದು ಸೇರು ತೌಡು ಕೊಟ್ಟು ಅದನ್ನು ಕೊಂಡುಕೊಳ್ಳಬೇಕು. ಜವರಾಯ ಬಂದು ಗುರುಲಿಂಗಮ್ಮನ ಕೂಸು ಎಲ್ಲಿ ಎಂದು ಹುಡುಕಿದರೆ ಅಂಥ ಕೂಸೇ ಇರಬಾರದು. ಇರುವುದು ತೌಡಿಗೆ ಬಿಕರಿಯಾದ, ಯಾರಿಗೂ ಬೇಡವಾದ ಒಂದು ಜೀವ. ಕೊಂಡವಳೇ ಹೆಸರಿಡಬೇಕು, ಅವಳೇ ಮೂಗು ಚುಚ್ಚಿಸಿ ಬೆಳ್ಳಿಯ ಉಂಗುರ ಹಾಕಿಸಬೇಕು, ಆಮೇಲೆ ಹೆತ್ತವಳ ಕೈಗೆ "ನನ್ನ ಮಗ, ನೀ ಸಾಕು" ಎಂದು ಕೊಡಬೇಕು. ಉಂಗುರ ಮೂಗಿನಲ್ಲಿರುವ ತನಕ ಅವನು ಕೊಂಡವಳ ಮಗ. ಮದುವೆಯ ದಿನ, ಬಾಸಿಂಗ ಕಟ್ಟುವ ಮೊದಲು, ಅವಳೇ ಬಂದು ತನ್ನ ಕೈಯಾರೆ ಉಂಗುರ ತೆಗೆದು, ತನ್ನ ತೌಡು ತಾನು ವಾಪಸು ಪಡೆದು ಮಗನನ್ನು ಬಿಟ್ಟುಕೊಡಬೇಕು. ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ.

ಹಾಗೆ ಕೊಂಡವಳು ಬಳೆಗಾರ್ತಿ ಮಾಸುಂಬಿ. ಉಂಗುರಕ್ಕೆ ಮನೆಯ ಬೆಳ್ಳಿ ಬರುವುದಿಲ್ಲ, ಬೇಡಿ ತಂದದ್ದೇ ಆಗಬೇಕು. ಎಂದೂ ಯಾರ ಮುಂದೂ ಕೈ ಚಾಚದ ಗುರುಲಿಂಗಮ್ಮ ಮಾಸುಂಬಿಯ ಮನೆಯ ಮುಂದೆ ಉಡಿ ಒಡ್ಡಿ ನಿಂತಳು. ಕಣ್ಣು ನೆಲದ ಮೇಲೆ. ಮಾಸುಂಬಿ ತನ್ನ ಮಗಳ ಕಾಲ್ಗೆಜ್ಜೆಯಿಂದ ಒಂದು ಬೆಳ್ಳಿ ಗೆಜ್ಜೆಯನ್ನು ಹಲ್ಲಿನಿಂದ ಕಚ್ಚಿ ಕಿತ್ತು ಆ ಉಡಿಗೆ ಹಾಕಿದಳು. ಕೂಸಿಗೆ ಪಕೀರಪ್ಪ ಎಂದು ಹೆಸರಿಟ್ಟಳು. ಕೂಸು ಉಳಿಯಿತು! ಉಂಗುರದಿಂದ ಉಳಿಯಿತೋ, ದವಾಖಾನೆಯ ಸೂಜಿಯಿಂದ ಉಳಿಯಿತೋ ಶಿವನೇ ಬಲ್ಲ. ಉಳಿದದ್ದಂತೂ ಖರೆ.

ಅಲ್ಲಿಂದ ಪ್ರತಿ ಅಮಾವಾಸ್ಯೆಗೆ ಮಾಸುಂಬಿ ಬಳೆಯ ಮಲಾರ ಹೆಗಲಿಗೇರಿಸಿಕೊಂಡು ಬಂದು ಕಟ್ಟೆಯ ಮೇಲೆ ಕೂರುವಳು. ಹುಡುಗನ ತೋಳಿನ ತಾಯತಕ್ಕೆ ಹೊಸ ಕರಿದಾರ ಕಟ್ಟುವಳು, ಉಂಗುರ ತಿರುಗಿಸಿ ಹೊಳ್ಳೆಗೆ ಕೊಬ್ಬರಿ ಎಣ್ಣೆ ಹಚ್ಚುವಳು, ಎದೆಯ ಮೇಲೆ ಕೈಯಿಟ್ಟು ಕೆಮ್ಮು ಇದೆಯೋ ನೋಡುವಳು. ಚಳಿ ಬಂತೆಂದರೆ ಅವನಿಗೆ ಕೆಮ್ಮು ಕಟ್ಟಿಟ್ಟದ್ದು. ಸೆರಗಿನ ಗಂಟಿನಿಂದ ಪುಠಾಣಿ, ಬೆಲ್ಲ ಬಿಚ್ಚಿ ಕೊಡುವಳು. ಶಿವಪೂಜೆಯ ಮನೆಯ ಹುಡುಗ ಮುಸ್ಲಿಮರ ಒಲೆಯದನ್ನು ತಿನ್ನಲಾರ ಎಂದು ಅವಳಿಗೆ ಗೊತ್ತು.

"ಪಕೀರ್ಯಾ, ನಿಮ್ಮವರ ಅಂಗಡಿದ ಐತೋ. ನಮ್ಮ ಒಲಿ ಮುಟ್ಟಿಲ್ಲ, ತಿನ್ನು."

ಅವನು ತಿನ್ನುತ್ತಿದ್ದ. ಅವಳನ್ನು "ಅಮ್ಮಾ" ಅನ್ನುತ್ತಿದ್ದ, ಗುರುಲಿಂಗಮ್ಮನನ್ನು "ಅವ್ವ" ಅನ್ನುತ್ತಿದ್ದ. ಇಬ್ಬರು ತಾಯಂದಿರಿರುವುದು ತನ್ನ ಭಾಗ್ಯ ಎಂದೇ ಅವನು ತಿಳಿದಿದ್ದ. ಬುದ್ಧಿ ಬರುವ ತನಕ ಎಲ್ಲ ಚಂದವೇ ಅಲ್ಲವೇ?

ಬುದ್ಧಿ ಬಂದದ್ದು ಲಿಂಗಸುಗೂರಿನಲ್ಲಿ, ಎಂಬತ್ತನೆಯ ಇಸವಿಯಲ್ಲಿ, ಕಾಲೇಜು ಓದಲು ಹಾಸ್ಟೆಲ್ಲಿಗೆ ಸೇರಿದಾಗ. ಮೀಸೆ ಚಿಗುರುತ್ತಿದ್ದ ಹುಡುಗನ ಮೂಗಿನಲ್ಲಿ ಉಂಗುರ! ಹುಡುಗರು ಬಿಟ್ಟಾರೆಯೇ? "ಏನವ್ವಾ ಮೂಗುತಿ ಸುಂದರಿ, ಯಾವಾಗ ಲಗ್ನ?" ಎಂದರು. ಊಟದ ಸಾಲಿನಲ್ಲಿ "ಮೊದಲ ಹೆಣ್ಮಕ್ಕಳಿಗೆ ಬಡಸ್ರಪಾ" ಎಂದರು. ತೌಡಿನ ಕಥೆ ಅದು ಹೇಗೆ ಗೊತ್ತಾಯಿತೋ, ಒಬ್ಬನು ಮುದಗಲ್ಲಿನಿಂದ ಬರುವಾಗ ಎಮ್ಮೆಗೆ ಹಾಕುವ ತೌಡನ್ನು ಚೀಲದಲ್ಲಿ ತಂದು ಇವನ ಹಾಸಿಗೆಯ ಮೇಲೆ ಸುರಿದ. "ತಗೋ, ನಿನ್ನ ಕಿಮ್ಮತ್ತು." ಎಲ್ಲರೂ ನಕ್ಕರು. ಪಕೀರಪ್ಪನೂ ನಕ್ಕ.

ಮರುದಿನ ಬಚ್ಚಲಲ್ಲಿ ನಿಂತು ಉಂಗುರ ಬಿಚ್ಚಿ ಬೆಂಕಿಪೊಟ್ಟಣದಲ್ಲಿ ಹಾಕಿದ. ರಜೆಗೆ ಊರಿಗೆ ಹೊರಟರೆ ಬಸ್ಸಿನ ಕಿಟಕಿಯಲ್ಲಿ ಮಸ್ಕಿಯ ಗುಡ್ಡ ಕಂಡ ಕೂಡಲೇ ಮುಖ ತಿರುಗಿಸಿ ಉಂಗುರ ಚುಚ್ಚಿಕೊಳ್ಳುತ್ತಿದ್ದ. ವಾಪಸು ಬರುವಾಗ ಅದೇ ಗುಡ್ಡ ಮರೆಯಾದ ಕೂಡಲೇ ತೆಗೆಯುತ್ತಿದ್ದ. ಅವ್ವನಿಗೆ ಗೊತ್ತಾಗಲಿಲ್ಲ. ಮಾಸುಂಬಿ ಹೊಳ್ಳೆಯನ್ನು ಬೆಳಕಿಗೆ ತಿರುಗಿಸಿ ನೋಡಿದಳು.

"ಯಾಕೋ ಇಷ್ಟು ಕೆಂಪಾಗೈತಿ?"

"ನೆಗಡಿ ಆಗಿತ್ತಮ್ಮಾ."

"ಹೌದಾ," ಎಂದು ಎಣ್ಣೆ ಹಚ್ಚಿದಳು. ಬಳೆಗಾರ್ತಿಯ ಬೆರಳು ಅದು; ಮುಂಗೈ ಹಿಡಿದೇ ಹುಡುಗಿಯ ಮನೆಯ ಸುಖದುಃಖ ಹೇಳುವವಳು. ಅವಳಿಗೆ ತಿಳಿಯಲಿಲ್ಲ ಅಂದರೆ ನಂಬುವವರು ಯಾರು?

ಓದು ಮುಗಿಯುವುದರೊಳಗೆ ಅಮರಗುಂಡಪ್ಪ ತೀರಿಕೊಂಡ. ಎಂಬತ್ತನಾಲ್ಕರಲ್ಲಿ ಸಿಂಧನೂರಿನಿಂದ ಸಂಬಂಧ ಬಂತು. ಹೆಣ್ಣಿನ ತಂದೆ ಮರಿಸ್ವಾಮಿ. ಮುಕ್ಕುಂದದ ಕಡೆ ಭತ್ತದ ಗದ್ದೆ, ಬಜಾರಿನಲ್ಲಿ ಬಟ್ಟೆ ಅಂಗಡಿ, ಒಬ್ಬಳೇ ಮಗಳು ಸಂಗಮ್ಮ. ಅಳಿಯನಿಗೇ ಅಂಗಡಿ ಒಪ್ಪಿಸುವ ಇರಾದೆ. ಮರಿಸ್ವಾಮಿ ಕಡಕ್ಕು ಮನುಷ್ಯ, ದೇವರೆಂದರೆ ಕೊರಳ ಲಿಂಗ ಒಂದೇ. ಮಾತುಕತೆಗೆ ಬಂದ ದಿನವೇ ಯಾರದೋ ಕೂಸಿನ ಕೊರಳಲ್ಲಿದ್ದ ಹುಲಿಯುಗುರು ನೋಡಿ ಸಿಡಿದುಬಿದ್ದ.

"ಕೊರಳಾಗ ಲಿಂಗ ಇದ್ದಮ್ಯಾಲೆ ಉಗುರು, ತಾಯತ, ಕರಿದಾರ ಎದಕ ಬೇಕ್ರಿ? ಅವು ಅಂಜುಬುರುಕರ ಒಡವಿ. ನಮ್ಮ ಮನ್ಯಾಗ ಅಂಥಾವು ನಡಿಯಂಗಿಲ್ಲ."

"ಖರೆ ಅದ ರೀ ಮಾವಾರ," ಎಂದ ಪಕೀರಪ್ಪ. ಉಂಗುರವನ್ನು ಬೀಗರು ಬರುವ ಮೊದಲೇ ಬಿಚ್ಚಿಟ್ಟಿದ್ದ, ಆದರೆ ಅಂಗಿಯ ತೋಳಿನೊಳಗೆ ಮಾಸುಂಬಿಯ ತಾಯತ ಬಿಗಿಯಾಗಿ ಕೂತಿತ್ತು. ಹಿತ್ತಲಿಗೆ ಹೋಗಿ ದಾರ ಕತ್ತರಿಸಿ ಬೇಲಿಯಾಚೆ ಒಗೆದ. ಲಗ್ನಪತ್ರಿಕೆಗೆ ಹೆಸರು ಕೇಳಿದಾಗ ಅಮರೇಶ ಎಂದ. ಪಕ್ಕದಲ್ಲಿ ಕೂತಿದ್ದ ಗುರುಲಿಂಗಮ್ಮ ಬೀಗರ ಮುಖ ನೋಡಿದಳು, ಮಗನ ಮುಖ ನೋಡಿದಳು. ಆ ರಾತ್ರಿ ಮಗನಿಗೆ ಒಂದೇ ಮಾತು ಹೇಳಿದಳು: "ಮಾಸುಂಬಿ ಲಗ್ನಕ್ಕ ಬರತಾಳಪ. ಉಂಗುರ ಹಾಕ್ಕೊಂಡಿರು. ನಿನ್ನ ಬಿಡಿಸಿಕೊಳ್ಳೋ ತನಕ ನನಗ ಮಗ ಇಲ್ಲ."

ಹಾಕಿಕೊಳ್ಳಲಿಲ್ಲ ಪುಣ್ಯಾತ್ಮ. ಬೆಂಕಿಪೊಟ್ಟಣ ಜೇಬಿನಲ್ಲಿತ್ತು, ಕೈ ಜೇಬಿಗೆ ಹೋಗಲಿಲ್ಲ.

ಮದುವೆ ಸಿಂಧನೂರಿನಲ್ಲೇ, ಹೆಣ್ಣಿನ ಮನೆಯ ಮುಂದೆ ಹಂದರ ಹಾಕಿ. ಮಾಸುಂಬಿ ಮೊದಲ ಬಸ್ಸಿಗೇ ಬಂದಿಳಿದಳು. ಪೆಟ್ಟಿಗೆಯಲ್ಲಿ ಮಡಿಚಿಟ್ಟ ಹಸಿರು ಸೀರೆ, ತಲೆಯ ತುಂಬ ಸೆರಗು, ಕಂಕುಳಲ್ಲಿ ಗಂಟು. ಗಂಟಿನಲ್ಲಿ ಸೊಸೆಗೆಂದು ಆರಿಸಿ ತಂದ ಹಸಿರು ಗಾಜಿನ ಬಳೆ. ಗುರುಲಿಂಗಮ್ಮನೂ ಸೆರಗಿನಲ್ಲಿ ತೌಡು ಕಟ್ಟಿಕೊಂಡೇ ನಿಂತಿದ್ದಳು. ಬಾಸಿಂಗ ಕಟ್ಟಲು ಮದುಮಗನನ್ನು ಕೂರಿಸಿದ್ದರು. ಮಾಸುಂಬಿ ಜನರನ್ನು ಸರಿಸಿಕೊಂಡು ನೇರ ಅವನ ಮುಂದೆ ಬಂದಳು, ಎರಡೂ ಕೈ ಅವನ ಮುಖದ ಕಡೆ ಎತ್ತಿದಳು.

ಮೂಗು ಖಾಲಿ ಇತ್ತು.

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಮರಿಸ್ವಾಮಿ ಹುಬ್ಬು ಗಂಟಿಕ್ಕಿ ಕೇಳಿದ: "ಇವ್ರು ಯಾರ್ರಿ ಅಮರೇಶಪ್ಪ?"

ಒಂದು ಮಾತು, "ನಮ್ಮಮ್ಮ" ಅನ್ನುವ ಒಂದೇ ಒಂದು ಮಾತು ಅವನ ನಾಲಿಗೆಯ ತುದಿಗೆ ಬಂದು ಒಣಗಿಹೋಯಿತು. ಹಂದರದ ತುಂಬ ಬೀಗರು ನೋಡುತ್ತಿದ್ದರು. ಹಾಸ್ಟೆಲ್ಲಿನ ಹಾಸಿಗೆಯ ಮೇಲಿನ ತೌಡು ಕಣ್ಣಿಗೆ ಕಟ್ಟಿತು. ಅವನು ತಲೆ ತಗ್ಗಿಸಿದ. ತಾಯಿಯಾದ ಗುರುಲಿಂಗಮ್ಮನ ಬಾಯೂ ಕಟ್ಟಿಹೋಗಿತ್ತು.

ಮಾತಾಡಿದವಳು ಮಾಸುಂಬಿಯೇ. ಎತ್ತಿದ ಕೈಯಿಂದ ತನ್ನ ಸೆರಗು ಸರಿಮಾಡಿಕೊಂಡಳು. "ನಾ ಬಳಿಗಾರ್ತಿ ರೀ ಧಣ್ಯಾರ. ಮದಿಮಗಳಿಗೆ ಬಳಿ ಇಡಾಕ ಬಂದೀನಿ. ಗದ್ಲದಾಗ ದಾರಿ ತಪ್ಪಿ ಇಲ್ಲಿಗೆ ಬಂದೆ."

"ಹೆಣ್ಮಕ್ಕಳು ಹಿತ್ತಲಕಡೆ ಅದಾರ, ಅಲ್ಲಿ ಹೋಗಬೇ," ಎಂದ ಮರಿಸ್ವಾಮಿ.

ಅವಳು ಹೋದಳು. ಅತ್ತ ಅಕ್ಷತೆ ಬೀಳುತ್ತಿದ್ದರೆ ಇತ್ತ ಹಿತ್ತಲಲ್ಲಿ ಬಂದವರಿಗೆಲ್ಲ ಬಳೆ ಇಡುತ್ತ ಕೂತಿದ್ದಳು. ಹೊರಡುವಾಗ ಮರಿಸ್ವಾಮಿ ನೋಟು ಕೊಟ್ಟ, ತೆಗೆದುಕೊಂಡಳು. ಬಳೆಗಾರ್ತಿ ದುಡ್ಡು ಬೇಡವೆಂದರೆ ಯಾಕೆ ಎಂದು ಯಾರಾದರೂ ಕೇಳುತ್ತಿದ್ದರಲ್ಲವೇ? ಅದನ್ನು ಪಕೀರಪ್ಪ ಹಂದರದಿಂದಲೇ ನೋಡಿದ. ಬಾಸಿಂಗದ ಮುತ್ತಿನ ಸಾಲು ಕಣ್ಣಿಗೆ ಅಡ್ಡವಿತ್ತು, ಆದರೂ ಅವಳು ಆ ನೋಟನ್ನು ಮಡಿಚಿ ಸೆರಗಿಗೆ ಕಟ್ಟಿಕೊಂಡದ್ದು ಸ್ಪಷ್ಟ ಕಂಡಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇವನದು ಒಂದು ಮಾತಿಗೆ ಹೋಗಿತ್ತು, ಅದೂ ಆಡದ ಮಾತಿಗೆ.

ಅಂಗಡಿ ಚೆನ್ನಾಗಿ ನಡೆಯಿತು. ಕಾಲುವೆಯ ನೀರಿಗೆ ಭತ್ತ ಬೆಳೆದ ಜವಳಗೇರಾದ ಕಡೆಯವರು ಟ್ರ್ಯಾಕ್ಟರಿನ ತುಂಬ ಬಂದು ಜವಳಿ ಒಯ್ಯುತ್ತಿದ್ದರು. ಮಗಳು ಹುಟ್ಟಿದಳು. ಅವ್ವನನ್ನು ನೋಡಲು ಮಸ್ಕಿಗೆ ಹೋದರೆ ಬಳೆಗಾರರ ಓಣಿ ತಪ್ಪಿಸಿ, ಸುತ್ತಿ ಬಳಸಿ ಮನೆ ಸೇರುತ್ತಿದ್ದ. ಗುರುಲಿಂಗಮ್ಮ ಅದನ್ನು ನೋಡಿಯೂ ಏನೂ ಅನ್ನುತ್ತಿರಲಿಲ್ಲ. ಹಂದರದಲ್ಲಿ ತಾನೂ ಬಾಯಿ ಬಿಡಲಿಲ್ಲವಲ್ಲ. ಬಟ್ಟೆ ಅಳೆಯುವಾಗ ಯಾರದಾದರೂ ಕೈಯಲ್ಲಿ ಹಸಿರು ಬಳೆ ಸದ್ದು ಮಾಡಿದರೆ ಅವನ ಬೆರಳು ಮೂಗಿಗೆ ಹೋಗುತ್ತಿತ್ತು. ನಾಚಿಕೆಯ ಸ್ವಭಾವ ಕೆಟ್ಟದ್ದು. ಆದ ದಿನ ಒಂದಿಷ್ಟು ಇರುತ್ತದೆ, ಆಮೇಲೆ ಬಡ್ಡಿಗೆ ಬಡ್ಡಿ ಬೆಳೆಯುತ್ತದೆ.

ತೊಂಬತ್ತೊಂದರ ಚಳಿಗಾಲದಲ್ಲಿ ಮಗಳಿಗೆ ಕೆಮ್ಮು ಹತ್ತಿತು. ಸಂಗಮ್ಮ ಅವಳ ಎದೆಗೆ ಎಣ್ಣೆ ತಿಕ್ಕುತ್ತ, ಏನೋ ನೆನಪಾದವಳಂತೆ ಗಂಡನ ಕಡೆ ತಿರುಗಿದಳು.

"ಅಲ್ರಿ, ನಮ್ಮ ಲಗ್ನದಾಗ ಬಳಿ ಇಟ್ಟಾಕಿ ಒಬ್ಬಾಕಿ ಇದ್ಲಲ್ಲ, ಆಕಿ ಯಾರ್ರಿ?"

"ಯಾಕ?"

"ನನ್ನ ಕೈ ಹಿಡಕೊಂಡು ಅತ್ಲು ರೀ ಆಕಿ. ಬಳಿ ಒಂದೂ ಒಡೀಲಿಲ್ಲ, ಹಂಗ ಸಂಭಾಳಿಸಿ ಇಟ್ಲು. 'ಥಂಡಿ ದಿನದಾಗ ಅವನಿಗೆ ಕೆಮ್ಮು ಬರ್ತೈತಿ ತಾಯಿ, ಎದಿಗೆ ಎಣ್ಣಿ ತಿಕ್ಕು, ಬಿಸಿ ನೀರು ಕೊಡು' ಅಂದ್ಲು. ಬಳಿಗಾರ್ತಿಗೆ ಹೆಂಗ ಗೊತ್ತು ಅಂತ ಅವತ್ತಿಂದ ತಲಿ ಕೆಡಿಸ್ಕೊಂಡೀನಿ. ಖರೆ ಅಂದ್ರ ನಿಮಗ ಕೆಮ್ಮು ಬಂದಾಗೆಲ್ಲ ಆಕಿ ಹೇಳಿದಂಗ ಮಾಡೀನಿ."

ಪಕೀರಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ವರ್ಷ ಚಳಿಗಾಲದಲ್ಲಿ ಎದೆಗೆ ಬಿದ್ದ ಎಣ್ಣೆ ಯಾರದು ಎಂದು ಈಗ ತಿಳಿಯಿತು. ಹಿತ್ತಲಿಗೆ ಕಳಿಸಿಕೊಂಡವಳು, ಕೂಲಿ ಇಸಿದುಕೊಂಡವಳು ಹೋಗುವಾಗಲೂ ತನ್ನ ಕೆಲಸ ಇನ್ನೊಬ್ಬಳ ಕೈಗೆ ಒಪ್ಪಿಸಿ ಹೋಗಿದ್ದಳು! ಹೆಂಡತಿಗೆ ಆಗಲೂ ಹೇಳಲಾಗಲಿಲ್ಲ. ಎದ್ದು ಹೋಗಿ ಟ್ರಂಕಿನ ತಳದಿಂದ ಬೆಂಕಿಪೊಟ್ಟಣ ತೆಗೆದ.

ಮರುದಿನ ಬೆಳಗ್ಗೆ ಕನ್ನಡಿಯ ಮುಂದೆ ನಿಂತ. ತೂತು ಮುಚ್ಚಿಹೋಗಿತ್ತು. ಸೂಜಿಯಿಂದ ಒತ್ತಿದ, ರಕ್ತ ಬಂತು, ಕಣ್ಣಲ್ಲಿ ನೀರೂ ಬಂತು. ಉಂಗುರ ಒಳಗೆ ಹೋಯಿತು. ಕನ್ನಡಿಯಲ್ಲಿ ವಿಭೂತಿಯ ಹಣೆ, ದಪ್ಪ ಮೀಸೆ, ಕೂಸಿನ ಮೂಗಿನುಂಗುರ. ಥೂ, ಏನು ಅವತಾರ! ಕೆಮ್ಮಿನವರಂತೆ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಮಸ್ಕಿಯ ಬಸ್ಸು ಹತ್ತಿದ.

ಬಳೆಗಾರರ ಓಣಿಯಲ್ಲಿ ಮಾಸುಂಬಿ ಬಾಗಿಲ ಮುಂದೆ ಕೂತು ಬಳೆಗಳಿಗೆ ದಾರ ಪೋಣಿಸುತ್ತಿದ್ದಳು. ಮುಪ್ಪು ಬಂದಿತ್ತು, ಕಣ್ಣು ಮಸುಕಾಗಿದ್ದವು. ಮುಖ ಮುಚ್ಚಿಕೊಂಡವನನ್ನು ಮೇಲಿಂದ ಕೆಳಗೆ ನೋಡಿದಳು, ದಾರ ಪೋಣಿಸುವ ಕೈ ನಿಂತಿತು. ಅಷ್ಟರಲ್ಲಿ ಎದುರುಮನೆಯ ಮಾಬುಬೀ ಬಾಗಿಲಿಗೆ ಬಂದು ಕೂಗಿದಳು: "ಯಾರು ಬೇ ಅವ್ರು?"

"ಸಿಂಧನೂರು ಸಾಹುಕಾರ್ರು," ಎಂದಳು ಮಾಸುಂಬಿ. "ದಾರಿ ಕೇಳಾಕತ್ಯಾರ."

ಇಷ್ಟು ವರ್ಷದ ಮೇಲೂ ಅವಳೇ ಅವನ ಮಾನ ಮುಚ್ಚುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ, ಇದನ್ನು ತಡೆದುಕೊಳ್ಳಲಾಗಲಿಲ್ಲ. ಕರವಸ್ತ್ರ ಕಿತ್ತು ಅವಳ ಕಾಲ ಹತ್ತಿರ ಕುಸಿದು ಕೂತ.

"ಅಮ್ಮಾ, ತಪ್ಪಾತು. ಉಂಗುರ ಹಾಕ್ಕೊಂಡು ಬಂದೀನಿ. ತೆಗಿ."

ಅವಳು ಬೆರಳಿನಿಂದ ಹೊಳ್ಳೆ ಮುಟ್ಟಿ ನೋಡಿದಳು. ಅವನ ಕರವಸ್ತ್ರದಿಂದಲೇ ಒಸರುತ್ತಿದ್ದ ರಕ್ತ ಒರೆಸಿದಳು, ಒಳಗಿಂದ ಕೊಬ್ಬರಿ ಎಣ್ಣೆ ತಂದು ಹಚ್ಚಿದಳು. ಉಂಗುರ ತಿರುಗಿಸಿದಳು, ಎಡಕ್ಕೊಮ್ಮೆ, ಬಲಕ್ಕೊಮ್ಮೆ. ತೆಗೆಯಲಿಲ್ಲ.

"ಅವತ್ತ ತೆಗೀಬೇಕಂತ ಹಸಿರು ಸೀರಿ ಉಟ್ಕೊಂಡು ಬಂದಿದ್ನೆಪಾ. ಇವತ್ತ ಯಾಕ ತೆಗೀಲಿ?"

"ಮಾರಾಟ ಮುರೀಬೇಕಲ್ಲಮ್ಮಾ. ಅವ್ವಗ ನನ್ನ ಬಿಟ್ಟುಕೊಡಬೇಕಲ್ಲ."

"ನಿಮ್ಮವ್ವ ಬಾಜಾರಕ್ಕ ಬಂದಾಗೆಲ್ಲ ಇಲ್ಲೇ ಕೂಡ್ತಾಳ. ಇಬ್ರೂ ಕೂಡಿ ನಿನ್ನ ಬೈತೀವಿ. ಮಾರಾಟ ಮುರದಿಲ್ಲ ಅಂತ ಆಕಿಗೂ ಗೊತ್ತು, ನನಗೂ ಗೊತ್ತು." ಮಾಸುಂಬಿ ಎಣ್ಣೆಯ ಬೆರಳು ಸೆರಗಿಗೆ ಒರೆಸಿಕೊಂಡಳು. "ನೀ ಈ ಓಣಿ ಬಿಟ್ಟು ಸುತ್ತಿ ಹೋಗ್ತಿದ್ದಿ, ನಾ ನೋಡ್ತಿದ್ದೆ. ಹೋಗ್ಲಿ, ನಾ ತೆಗದಿಲ್ಲಲ್ಲ, ಇನ್ನೂ ನನ್ನ ಮಗನ ಅದಾನ ಅಂತ ಸುಮ್ಕಿದ್ದೆ. ಈಗ ಅದನ್ನೂ ಕೈಯಾರೆ ಕಿತ್ತು ಕೊಡು ಅಂತಿ?"

ಅವಳು ಎಣ್ಣೆಯ ಬಟ್ಟಲು ಪಕ್ಕಕ್ಕೆ ಸರಿಸಿದಳು.

"ನಾಚಿಕಿ ಆದ್ರ ನೀನ ತೆಗದುಕೋ. ಹಿಂದ ತೆಗದಿದ್ಯಲ್ಲ, ರೂಢಿ ಐತಿ."

ಇದೊಂದೇ ಮಾತು ಅವಳು ಚುಚ್ಚಿ ಆಡಿದ್ದು. ಸೂಜಿಗಿಂತ ಆಳಕ್ಕೆ ಹೋಯಿತು. ಅವನ ಬೆರಳು ಮೂಗಿನ ಕಡೆ ಎದ್ದು, ಅರ್ಧದಲ್ಲೇ ತಿರುಗಿ ಮಡಿಲಿಗೆ ಬಂತು. ಕೇಳಿದ: "ಅಮ್ಮಾ, ಒಂದೀಟು ಚಾ ಮಾಡ್ತಿ?"

"ನಮ್ಮ ಒಲಿದು ಐತೋ ಅದು."

"ನಿನ್ನ ಒಲಿದ ಬೇಕು."

ಅವಳು ಸೆರಗು ಕಣ್ಣಿಗೊತ್ತಿಕೊಂಡು ಒಳಗೆ ಹೋದಳು. ಚಹಾ ಕುಡಿದು ಅವನು ಹೊರಡುವಾಗ ರಕ್ತದ ಕಲೆಯ ಕರವಸ್ತ್ರ ಅವಳ ಕೈಯಲ್ಲೇ ಇತ್ತು. ಕೊಡು ಎಂದು ಕೈ ಚಾಚಿದ. ಕೊಡಲಿಲ್ಲ. "ಒಗದು ಇಡ್ತೀನಿ. ಸೊಸಿ, ಮೊಮ್ಮಗಳನ್ನ ಕರಕೊಂಡು ಬಂದಾಗ ಒಯ್ಯಿ."

ಬರುವಾಗ ಮುಚ್ಚಿಕೊಂಡ ಮುಖವನ್ನು ಹೋಗುವಾಗ ಬಿಚ್ಚಿಕೊಂಡು ಹೋಗಬೇಕಾಯಿತು. ಬಸ್ಸಿನಲ್ಲಿ ಕಂಡಕ್ಟರ್ ಟಿಕೇಟು ಹರಿಯುವುದು ಬಿಟ್ಟು ನೋಡಿದ. ಎದುರು ಸೀಟಿನ ಹುಡುಗಿ ಕಿಸಕ್ಕನೆ ನಕ್ಕಳು, ತಾಯಿ ಅವಳ ತೊಡೆಗೆ ಚಿವುಟಿದಳು. ಕಿಟಕಿಯಲ್ಲಿ ಮಸ್ಕಿಯ ಗುಡ್ಡ ಮರೆಯಾಯಿತು. ಕಾಲೇಜಿನ ದಿನಗಳಲ್ಲಿ ಉಂಗುರ ತೆಗೆಯುತ್ತಿದ್ದ ಗಳಿಗೆ ಅದು. ಅವನ ಕಿವಿ ಕಾದ ಹೆಂಚಾಗಿದ್ದವು, ಬೆನ್ನು ಬೆವತಿತ್ತು. ಎರಡೂ ಕೈ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಸಿಂಧನೂರಿನ ತನಕ ಹಾಗೆಯೇ ಕೂತ.

ಅಂಗಡಿಯಲ್ಲಿ ಮಧ್ಯಾಹ್ನದ ಗಿರಾಕಿ ತುಂಬಿದ್ದರು. ಮಗಳನ್ನು ದವಾಖಾನೆಗೆ ತೋರಿಸಿ ಬಂದ ಸಂಗಮ್ಮನೂ ಅಲ್ಲೇ ಇದ್ದಳು. ಗಾದಿಯ ಮೇಲೆ ಕೂತಿದ್ದ ಮರಿಸ್ವಾಮಿ ಕನ್ನಡಕ ಏರಿಸಿ ಅಳಿಯನ ಮುಖವನ್ನೇ ನೋಡಿದ.

"ಏನ್ರಿ ಇದು, ಮೂಗಿನಾಗ? ತೆಗೀರಿ ಮೊದಲ, ಮಂದಿ ನೋಡಾಕತ್ತಾರ!"

"ತೆಗಿಯಾಕ ಬರಂಗಿಲ್ಲ ರೀ ಮಾವಾರ." ಅವನ ದನಿ ಅವನಿಗೇ ಕೇಳಿಸಲಿಲ್ಲ. ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದ. "ನಮ್ಮಮ್ಮ ತೆಗೀಬೇಕು. ಆಕಿ ತೆಗೀಲಿಲ್ಲ."

"ಗುರುಲಿಂಗಮ್ಮನವರು ಯಾಕ ಹಿಂಗ..."

"ಆಕಿ ಅಲ್ರಿ. ಮಾಸುಂಬಿ. ನಮ್ಮ ಲಗ್ನದಾಗ ಬಳಿ ಇಟ್ಟಾಕಿ. ನೀವು ಯಾರು ಅಂತ ಕೇಳಿದ್ರಿ, ನಾ ಹೇಳಿರಲಿಲ್ಲ."

ಸಂಗಮ್ಮ ಮಗಳನ್ನು ಎದೆಗವಚಿಕೊಂಡು ಎದ್ದು ನಿಂತಳು. ಮರಿಸ್ವಾಮಿಯ ಕೈ ತಾನಾಗಿ ಜೇಬಿಗೆ ಹೋಗಿ ಅಲ್ಲೇ ನಿಂತಿತು. ಅವತ್ತು ಬಳೆಗಾರ್ತಿಗೆ ನೋಟು ತೆಗೆದುಕೊಟ್ಟ ಕೈ ಅದು. ಪಕೀರಪ್ಪನಿಗೆ ನಾಚಿಕೆಯಿಂದ ಕಣ್ಣು ಎತ್ತಲಾಗಲಿಲ್ಲ. ಆದರೆ ಮಾತನ್ನು ಅವನು ಮೆತ್ತಗೆ ಆಡಿರಲಿಲ್ಲ, ಅಂಗಡಿಯಲ್ಲಿದ್ದವರೆಲ್ಲರಿಗೂ ಕೇಳಿಸಿತ್ತು.